ಸಪ್ಪಳ ಬದಲಾಗೈತಿ

ಬನಹಟ್ಟಿಯ ಮಗ್ಗದವರು, ಕೃಷ್ಣೆಯ ದಂಡೆಯ ಪಂಪಿನವರು, ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯ ಫಿಟ್ಟರುಗಳು ಒಂದು ಚಹಾದಂಗಡಿಯಲ್ಲಿ ಕೂಡಿದರೆಂದರೆ ಮಾತು ಎಲ್ಲಿಂದಲೇ ಹೊರಡಲಿ, ಮಳೆ, ಕಬ್ಬಿನ ಬಿಲ್ಲು, ಮಗಳ ಮದುವೆ ಎಲ್ಲ ಸುತ್ತಿ ಕಡೆಗೆ ಯಂತ್ರದ ಮೇಲೆ ಬಂದೇ ಬರುತ್ತದೆ. ಯಂತ್ರ ಕೆಟ್ಟಿದೆ ಎಂದು ಅವರು ಮೊದಲೇ ಹೇಳುವುದಿಲ್ಲ. ‘ಸಪ್ಪಳ ಬದಲಾಗೈತಿ’ ಅನ್ನುತ್ತಾರೆ. ಕೆಡುವುದು ಇನ್ನೂ ಮುಂದಿನ ಮಾತು. ಸಪ್ಪಳ ಬದಲಾದ ದಿನಕ್ಕೂ ಯಂತ್ರ ನಿಂತ ದಿನಕ್ಕೂ ನಡುವೆ ಇರುವ ಅಂತರವೇ ನಮಗೆ ಸಿಕ್ಕ ಅವಕಾಶ. ಅದನ್ನು ಬಳಸಿಕೊಳ್ಳುವ ವಿದ್ಯೆಯ ಬಗ್ಗೆ ಮಾತಾಡಬೇಕೆಂದು ನನಗೆ ಬಹಳ ದಿನದ ಆಸೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ತಾಲೂಕುಗಳ ಅನ್ನ ತಿರುಗುವ ಶಾಫ್ಟಿನ ಮೇಲೆ ನಿಂತಿದೆ. ಹೊಳೆಯ ನೀರು ಹೊಲಕ್ಕೆ ಏರುವುದು ಶಾಫ್ಟ್ ತಿರುಗಿದಾಗ. ಸಮೀರವಾಡಿ, ತಿಮ್ಮಾಪುರ, ಹಿರೇಪಡಸಲಗಿಯಂಥ ಊರುಗಳಲ್ಲಿ ಕಬ್ಬು ನುರಿಯುವುದು, ಅದರ ಸಿಪ್ಪೆಯನ್ನೇ ಉರಿಸಿ ಕರೆಂಟು ಹುಟ್ಟುವುದು ಶಾಫ್ಟ್ ತಿರುಗಿದಾಗ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬಟ್ಟೆ ಹುಟ್ಟುವುದೂ ಹಾಗೆಯೇ. ಬಾಯ್ಲರಿನ ದೊಡ್ಡ ಫ್ಯಾನು, ಕಬ್ಬನ್ನು ಜಜ್ಜುವ ಫೈಬ್ರೈಸರು, ಟರ್ಬೈನು, ಮಗ್ಗ, ತೋಟದ ಸಣ್ಣ ಮೋಟಾರು, ಯಾವುದನ್ನು ತೆಗೆದುಕೊಂಡರೂ ನಡುವೆ ಒಂದು ಕಬ್ಬಿಣದ ಸಲಾಕೆ ಎರಡು ಬೇರಿಂಗುಗಳ ಮೇಲೆ ತಿರುಗುತ್ತಿರುತ್ತದೆ. ಅದು ಸ್ವಲ್ಪವಾದರೂ ಅದುರದೆ ತಿರುಗುವುದಿಲ್ಲ. ಅದುರುವುದು ರೋಗವಲ್ಲ. ಅದುರುವ ರೀತಿ ಬದಲಾದರೆ ಅದು ಸುದ್ದಿ.

ಆ ಸುದ್ದಿಯನ್ನು ಓದುವಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಅದುರುತ್ತದೆ?’ ಎಂಬುದು. ಕೈಯಲ್ಲಿ ಮೀಟರು ಬಂದ ಮೇಲಂತೂ ಈ ಪ್ರಶ್ನೆಗೆ ಬಲ ಬಂದಿದೆ. ಅಂತರರಾಷ್ಟ್ರೀಯ ಮಾನಕವೂ ಇದೆ: ಗಟ್ಟಿ ತಳಪಾಯದ ಮೇಲಿನ, 300 ಕಿಲೋವ್ಯಾಟಿಗಿಂತ ದೊಡ್ಡ ಯಂತ್ರದ ಬೇರಿಂಗು ಸೆಕೆಂಡಿಗೆ 2.3 ಮಿಲಿಮೀಟರ್ ವೇಗದೊಳಗೆ ಅದುರಿದರೆ ಹೊಸದರಂತೆ, 4.5ರ ತನಕ ಬೇಕಾದಷ್ಟು ದಿನ ಓಡಿಸಬಹುದು, 7.1 ದಾಟಿದರೆ ಯಂತ್ರಕ್ಕೆ ಪೆಟ್ಟು. ಈ ಅಂಕಿಗಳು ಬೇಕು, ಬೇಡವೆನ್ನುವುದಿಲ್ಲ. ಆದರೆ ಒಂದರ ಪಕ್ಕ ಒಂದು ನಿಂತ ಎರಡು ಯಂತ್ರಗಳೂ 5 ತೋರಿಸಬಹುದು. ಒಂದಕ್ಕೆ ಫ್ಯಾನಿನ ರೆಕ್ಕೆಗೆ ಬೂದಿ ಅಂಟಿದೆ, ಇನ್ನೊಂದರ ಶಾಫ್ಟಿನಲ್ಲಿ ಬಿರುಕು ಬೆಳೆಯುತ್ತಿದೆ. ಅಂಕಿ ಎರಡಕ್ಕೂ ಒಂದೇ. ಪಳಗಿದ ಫಿಟ್ಟರು ಕೇಳುವ ಪ್ರಶ್ನೆ ಬೇರೆ: ‘ಯಾವಾಗ್ರೀ? ಎಂದಿನಿಂದ? ಯಾವುದರ ಕೂಡ ಬರತೈತಿ, ಯಾವುದರ ಕೂಡ ಹೋಗತೈತಿ?’ ಈ ‘ಯಾವಾಗ’ ಎಂಬುದು ‘ಎಷ್ಟು’ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಎಂಬುದು ನನ್ನ ಗಟ್ಟಿ ನಂಬಿಕೆ.

ಮಗ್ಗದಿಂದಲೇ ಹಿಡಿಯೋಣ. ಬನಹಟ್ಟಿಯ ಯಾವ ಓಣಿಗೆ ಹೋದರೂ ಬಾಗಿಲ ಹೊರಗೇ ಕಟಕಟ ಸಪ್ಪಳ ಕೇಳುತ್ತದೆ. ಲಾಳಿ ಓಡಾಡುವ ಸಾದಾ ವಿದ್ಯುತ್ ಮಗ್ಗದಲ್ಲಿ ಮೇಲೊಂದು ಕ್ರ್ಯಾಂಕ್ ಶಾಫ್ಟು, ಕೆಳಗೊಂದು ಶಾಫ್ಟು. ಮೇಲಿನದು ಎರಡು ಸುತ್ತು ತಿರುಗಿದರೆ ಕೆಳಗಿನದು ಒಂದೇ ಸುತ್ತು. ಮೇಲಿನ ಶಾಫ್ಟಿನ ಪ್ರತಿ ಸುತ್ತಿಗೂ ಹಣಿಗೆ ಬಂದು ಹೊಕ್ಕಿನ ಎಳೆಯನ್ನು ಬಡಿಯುತ್ತದೆ. ಲಾಳಿ ಮಾತ್ರ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಹೊರಡಬೇಕು. ಅದನ್ನು ನೋಡಿಕೊಳ್ಳುವುದು ಕೆಳಗಿನ ಶಾಫ್ಟು. ಮಗ್ಗ ತಪ್ಪು ಸಪ್ಪಳ ಮಾಡಿತು ಎಂದಾಗ ಮಗ್ಗ ರಿಪೇರಿ ಮಾಡುವ ಜಾಬರ್ ಬಂದು ಕೈಕಟ್ಟಿ ಸುಮ್ಮನೆ ನಿಲ್ಲುತ್ತಾನೆ. ನೋಡುವವರಿಗೆ ಆತ ಏನೂ ಮಾಡುತ್ತಿಲ್ಲ ಅನ್ನಿಸಬೇಕು. ಆತ ಎಣಿಸುತ್ತಿರುತ್ತಾನೆ. ಆ ಹೆಚ್ಚಿನ ಪೆಟ್ಟು ಪ್ರತಿ ಬಡಿತಕ್ಕೂ ಬರುತ್ತದೆಯೋ, ಒಂದು ಬಿಟ್ಟು ಒಂದಕ್ಕೆ ಬರುತ್ತದೆಯೋ? ಪ್ರತಿ ಬಡಿತಕ್ಕೂ ಬಂದರೆ ಮೇಲಿನ ಶಾಫ್ಟು, ಅದರ ಬುಷ್, ಹಣಿಗೆಯ ಕೈ ನೋಡಬೇಕು. ಒಂದು ಬಿಟ್ಟು ಒಂದಕ್ಕೆ ಬಂದರೆ ಕೆಳಗಿನ ಶಾಫ್ಟು, ಲಾಳಿ ಎಸೆಯುವ ಕೋಲು, ಅದೂ ಒಂದೇ ಬದಿಯದು. ಪಾನಾ ಕೈಗೆತ್ತಿಕೊಳ್ಳುವ ಮೊದಲೇ ಮಗ್ಗದ ಅರ್ಧ ಭಾಗ ಅನುಮಾನದಿಂದ ಪಾರಾಗುತ್ತದೆ. ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದಕ್ಕಿಂತ ಚೆಂದದ ಪಾಠ ಇದೆ, ಹೇಳಿ.

ಅದೇ ಓಣಿಯ ಇನ್ನೊಂದು ಸಂಗತಿ. ಒಂದೇ ಹಾಲಿನಲ್ಲಿ ಹತ್ತಾರು ಮಗ್ಗಗಳು, ಒಂದೊಂದಕ್ಕೂ ಬೇರೆ ಮೋಟಾರು. ಎಲ್ಲವೂ ಸುಮಾರಾಗಿ ಒಂದೇ ವೇಗ, ಆದರೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ. ಎರಡು ಮಗ್ಗಗಳ ಪೆಟ್ಟು ಕೂಡಿದಾಗ ನೆಲವೆಲ್ಲ ಗುಮ್ಮೆನ್ನುತ್ತದೆ, ತಪ್ಪಿದಾಗ ಶಾಂತವಾಗುತ್ತದೆ, ಮತ್ತೆ ಕೂಡುತ್ತದೆ. ಹೀಗೆ ಏರಿ ಇಳಿಯುವ ಅದುರನ್ನು ಕಂಡು ಹೊಸಬರು ಒಂದು ಮಗ್ಗದ ಬೇರಿಂಗು ಬಿಚ್ಚಿಬಿಡುತ್ತಾರೆ. ಆ ಮಗ್ಗದಲ್ಲಿ ಏನೂ ಇರುವುದಿಲ್ಲ. ನೆರೆಯ ಮಗ್ಗ ನಿಲ್ಲಿಸಿ ನೋಡಿದರೆ ಏರಿಳಿತ ಹೋಗುತ್ತದೆ, ಕಾರಣ ಗೊತ್ತಾಗುತ್ತದೆ.

ಬಿಚ್ಚದೆಯೇ ರೋಗ ಹಿಡಿಯುವ ಇನ್ನೊಂದು ಪರೀಕ್ಷೆಯನ್ನು ನಮ್ಮ ಕಡೆಗೆ ಕರೆಂಟ್ ಕಂಪನಿಯೇ ಆಗಾಗ ಮಾಡಿಸಿಕೊಟ್ಟಿದೆ. ಮೋಟಾರು ಓಡುತ್ತಿರುವಾಗ ಕರೆಂಟ್ ಹೋಯಿತೆನ್ನಿ. ಆ ಗಳಿಗೆಯಲ್ಲಿ ಬೇರಿಂಗಿನ ಮೇಲೆ ಕೈ ಇಟ್ಟವನು ಪುಣ್ಯವಂತ. ಶಾಫ್ಟು ಇನ್ನೂ ಪೂರ್ತಿ ವೇಗದಲ್ಲಿ ತಿರುಗುತ್ತಿದೆ, ಆದರೆ ಅದುರು ತಟ್ಟನೆ ಮಾಯವಾಯಿತು ಎಂದರೆ ತಪ್ಪು ಮೋಟಾರಿನ ವಿದ್ಯುತ್ತಿನದು, ರೋಟರಿನ ತಾಮ್ರದ್ದೋ ಅಲ್ಯುಮಿನಿಯಮ್ಮಿನದೋ ಸಲಾಕೆ ಮುರಿದಿರಬಹುದು, ಗಾಳಿಯ ಸಂದು ಒಂದು ಕಡೆಗೆ ಕಿರಿದಾಗಿರಬಹುದು. ವೇಗದ ಜೊತೆ ನಿಧಾನವಾಗಿ ಅದುರೂ ಇಳಿದರೆ ತೂಕದ್ದೋ ಜೋಡಣೆಯದೋ ತಪ್ಪು. ವೇಗ ಇಳಿಯುವಾಗ ನಡುವೆ ಒಂದು ಕಡೆ ಅದುರು ಒಮ್ಮೆಲೇ ಏರಿ ಮತ್ತೆ ಇಳಿದರೆ? ಅಲ್ಲಿಗೆ ಶಾಫ್ಟಿನ ಸ್ವಂತ ವೇಗ ಸಿಕ್ಕಂತಾಯಿತು.

ಈ ಸ್ವಂತ ವೇಗದ ಕಥೆ ದೊಡ್ಡದು. ನಾಗರ ಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತುಸು ತುಸು ನೂಕಿದರೂ ಅದು ಟೊಂಗೆಗೆ ಮುಟ್ಟುವಷ್ಟು ಏರುತ್ತದಲ್ಲ, ಶಾಫ್ಟಿಗೂ ಅಂಥ ಲಯ ಇದೆ. ಸುತ್ತುವ ವೇಗ ಆ ಲಯಕ್ಕೆ ಕೂಡಿದಾಗ ಸಣ್ಣ ತೂಕದ ವ್ಯತ್ಯಾಸವೂ ಶಾಫ್ಟನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತದೆ. 1869ರಲ್ಲಿ ಸ್ಕಾಟ್ಲೆಂಡಿನ ರ್‍ಯಾಂಕಿನ್ ಲೆಕ್ಕ ಹಾಕಿ, ಆ ವೇಗವನ್ನು ದಾಟಿ ಯಾವ ಶಾಫ್ಟೂ ನೆಟ್ಟಗೆ ಓಡಲಾರದು ಎಂದ. ದೊಡ್ಡವರ ಮಾತು, ಮಂದಿ ನಂಬಿದರು. ಸ್ವೀಡನ್ನಿನ ದ ಲಾವಾಲ್ ನಂಬಲಿಲ್ಲ. ಆತ ತನ್ನ ಉಗಿ ಟರ್ಬೈನಿಗೆ ಬೇಕೆಂದೇ ತೆಳ್ಳನೆಯ, ಬಗ್ಗುವ ಶಾಫ್ಟು ಹಾಕಿ ನಿಮಿಷಕ್ಕೆ 30,000 ಸುತ್ತಿನ ತನಕ ಓಡಿಸಿ ತೋರಿಸಿದ. ದಾಟುವಾಗ ಅದುರುತ್ತದೆ, ದಾಟಿದ ಮೇಲೆ ಶಾಂತ. ಯಾಕೆ ಶಾಂತ ಎಂಬುದನ್ನು 1919ರಲ್ಲಿ ಜೆಫ್‌ಕಾಟ್ ಎಂಬಾತ ಬಿಡಿಸಿ ಬರೆದ. ಸ್ವಂತ ವೇಗಕ್ಕಿಂತ ಕೆಳಗಿರುವಾಗ ಭಾರದ ಬದಿ ಹೊರಕ್ಕೆ ಬಾಗುತ್ತದೆ, ಮೇಲೆ ಹೋದಾಗ ಭಾರದ ಬದಿ ಒಳಗಾಗಿ ಹಗುರದ ಬದಿ ಹೊರಗಾಗುತ್ತದೆ, ಶಾಫ್ಟು ತನ್ನ ತೂಕದ ನಡುವನ್ನು ತಾನೇ ಹುಡುಕಿಕೊಂಡು ಅದರ ಸುತ್ತ ತಿರುಗುತ್ತದೆ. ಇಂದು ನಮ್ಮ ಕಾರ್ಖಾನೆಗಳಲ್ಲಿ ಟರ್ಬೈನು ಏರಿಸುವವರು ಕೆಲವು ವೇಗಗಳಲ್ಲಿ ನಿಲ್ಲದೆ ಸರ್ರನೆ ದಾಟಿಸುವುದಕ್ಕೆ ಕಾರಣ ಇದೇ.

ಹಳೆಯ ಫಿಟ್ಟರುಗಳ ಸೀಮೆಸುಣ್ಣದ ವಿದ್ಯೆಯೂ ಇಲ್ಲಿಗೇ ಬಂದು ಸೇರುತ್ತದೆ. ತಿರುಗುವ ಶಾಫ್ಟಿಗೆ ಗಟ್ಟಿ ಆಧಾರದ ಮೇಲಿಂದ ಸೀಮೆಸುಣ್ಣದ ತುಂಡನ್ನು ಮೆಲ್ಲಗೆ ಸಮೀಪ ತಂದರೆ ಹೊರಗೆ ಉಬ್ಬಿದ ಬದಿಗಷ್ಟೇ ಬಿಳಿ ಗೆರೆ ಬೀಳುತ್ತದೆ. ಗೆರೆ ಬಿದ್ದಲ್ಲಿ ಭಾರ ಹೆಚ್ಚಿದೆ ಎಂದು ಎದುರು ಬದಿಗೆ ತೂಕ ಕಟ್ಟುತ್ತಾರೆ. ನಿಧಾನದ ಫ್ಯಾನಿಗೆ ಇದು ಸರಿ. ಸ್ವಂತ ವೇಗ ದಾಟಿ ಓಡುವ ಯಂತ್ರದಲ್ಲಿ ಗೆರೆ ಬೀಳುವುದು ಹಗುರದ ಬದಿಗೆ. ಅಲ್ಲಿ ಎದುರು ಬದಿಗೆ ತೂಕ ಕಟ್ಟಿದರೆ ಭಾರಕ್ಕೆ ಭಾರ ಸೇರುತ್ತದೆ. ಸೀಮೆಸುಣ್ಣ ಸುಳ್ಳು ಹೇಳುವುದಿಲ್ಲ, ಯಂತ್ರ ಎಲ್ಲಿ ಓಡುತ್ತಿದೆ ಎಂಬುದನ್ನು ಕೇಳಿಕೊಂಡು ಅದರ ಮಾತಿಗೆ ಅರ್ಥ ಮಾಡಬೇಕು.

ಬಾಯ್ಲರಿನ ಹೊಗೆ ಎಳೆಯುವ ಫ್ಯಾನಂತೂ ಹಂಗಾಮಿನುದ್ದಕ್ಕೂ ಅದುರಿನ ಸುದ್ದಿ ಕಳಿಸುತ್ತಲೇ ಇರುತ್ತದೆ. ಕಬ್ಬಿನ ಸಿಪ್ಪೆಯ ಬೂದಿಯ ಜೊತೆ ಎರೆಹೊಲದ ಮಣ್ಣು, ಮರಳಿನ ಕಣ ಬರುತ್ತವೆ. ರೆಕ್ಕೆ ಸವೆಯುತ್ತದೆ, ಕೆಲವೆಡೆ ಬೂದಿ ಮೆತ್ತುತ್ತದೆ. ಇಲ್ಲಿ ಅದುರು ಏರಿದ ಬಗೆಯನ್ನೇ ನೋಡಬೇಕು. ವಾರಗಟ್ಟಲೆ ಸ್ವಲ್ಪ ಸ್ವಲ್ಪ ಏರಿದರೆ ಸವಕಳಿ. ಕ್ಷಣದಲ್ಲಿ ಜಿಗಿದರೆ ಮೆತ್ತಿದ ಬೂದಿಯ ಒಂದು ಹಪ್ಪಳೆ ಕಳಚಿ ಬಿದ್ದಿದೆ, ಇಲ್ಲವೆ ರೆಕ್ಕೆಯ ತುಂಡೇ ಹೋಗಿದೆ. ಫೈಬ್ರೈಸರಿನ ಸುತ್ತಿಗೆಗಳನ್ನು ಬದಲಿಸಿದ ಮರುದಿನವೇ ಅದುರು ಶುರುವಾದರೆ ಹೆಚ್ಚು ಹುಡುಕಬೇಕಾಗಿಲ್ಲ: ಎದುರುಬದುರಿನ ಸುತ್ತಿಗೆಗಳನ್ನು ತೂಗಿ ಜೋಡಿ ಮಾಡಿ ಹಾಕಿಲ್ಲ.

ಹೊಳೆಯ ಕಡೆಗೆ ಹೋದರೆ ‘ಯಾವಾಗ’ ಎಂಬ ಪ್ರಶ್ನೆಗೆ ಋತುಮಾನವೂ ಸೇರಿಕೊಳ್ಳುತ್ತದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರು ತಾವೇ ಹಣ ಹಾಕಿ, ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡರು. ಶ್ರಮಬಿಂದು ಸಾಗರ ಎಂದು ಹೆಸರು. ಆ ನೀರಿನ ದಂಡೆಯ ಉದ್ದಕ್ಕೂ, ಬೀಳಗಿ ಕಡೆಗೆ ಆಲಮಟ್ಟಿಯ ಹಿನ್ನೀರಿನ ಉದ್ದಕ್ಕೂ ಪಂಪುಗಳು. ಆಲಮಟ್ಟಿ ತುಂಬಿದಾಗ ನೀರು 519.60 ಮೀಟರಿಗೆ ನಿಲ್ಲುತ್ತದೆ, ಬೇಸಿಗೆಗೆ ಕೆಳಗೆ ಕೆಳಗೆ ಸರಿಯುತ್ತದೆ. ಪಂಪು ಇದ್ದಲ್ಲೇ ಇದೆ, ನೀರು ಇಳಿದಿದೆ. ಎಳೆಯುವ ಎತ್ತರ ಹೆಚ್ಚಾದಂತೆ ಪಂಪಿನ ಬಾಯಲ್ಲಿ ಒತ್ತಡ ಇಳಿಯುತ್ತದೆ, ನೀರು ಬಿಸಿಯಾಗದೆಯೇ ಗುಳ್ಳೆಯಾಗುತ್ತದೆ, ಆ ಗುಳ್ಳೆ ಒಳಗೆ ಹೋಗಿ ಒಡೆಯುವಾಗ ಇಂಪೆಲ್ಲರಿನ ಲೋಹವನ್ನೇ ಕಿತ್ತುಹಾಕುತ್ತದೆ. ಒಳಗೆ ಜಲ್ಲಿಕಲ್ಲು ಹಾಯ್ದ ಹಾಗೆ ಚರಚರ ಸಪ್ಪಳ. ಬೇರಿಂಗಿನದೇ ತಪ್ಪೆಂದು ಹೊಸ ಬೇರಿಂಗು ಹಾಕಿದರೂ ಸಪ್ಪಳ ಹಾಗೇ ಇರುತ್ತದೆ. ಮಳೆಗಾಲದಲ್ಲಿ ಇರಲಿಲ್ಲ, ಏಪ್ರಿಲ್‌ನಲ್ಲಿ ಬಂತು, ಡೆಲಿವರಿ ವಾಲ್ವ್ ಸ್ವಲ್ಪ ಮುಚ್ಚಿದರೆ ಕಡಿಮೆಯಾಯಿತು ಎಂಬ ಮೂರು ಮಾತು ಸಿಕ್ಕರೆ ಪಂಪು ಬಿಚ್ಚುವುದೇ ಬೇಡ.

ಬೇಸಿಗೆಗೇ ಬರುವ ಇನ್ನೊಂದು ಅದುರಿಗೆ ನೀರು ಕಾರಣವಲ್ಲ, ನೆಲ ಕಾರಣ. ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಆಳದ ತನಕ ಹೋಗದ ತಳಪಾಯದ ಮೇಲೆ ಮೋಟಾರು, ಪಂಪು ಎರಡನ್ನೂ ಕೂಡಿಸಿದರೆ ಶ್ರಾವಣದಲ್ಲಿ ಒಂದೇ ಗೆರೆಯಲ್ಲಿದ್ದ ಶಾಫ್ಟುಗಳು ಚೈತ್ರದಲ್ಲಿ ಒಂದಕ್ಕೊಂದು ಓರೆಯಾಗಬಹುದು. ಓರೆ ಜೋಡಣೆಯ ಗುರುತು, ಒಂದು ಸುತ್ತಿಗೆ ಎರಡು ಅದುರು, ಜೊತೆಗೆ ಶಾಫ್ಟಿನ ಉದ್ದಕ್ಕೆ ಹಿಂದೆಮುಂದೆ ನೂಕುವ ಚಲನೆ. ಬಿಸಿಯೂ ಹೀಗೆಯೇ ಮಾಡುತ್ತದೆ. ಅರ್ಧ ಮೀಟರ್ ಎತ್ತರದ ಟರ್ಬೈನಿನ ಪೀಠ 50 ಡಿಗ್ರಿ ಬಿಸಿಯೇರಿದರೆ ಸುಮಾರು 0.3 ಮಿಲಿಮೀಟರ್ ಮೇಲೇಳುತ್ತದೆ. ತಣ್ಣಗಿದ್ದಾಗ ಎರಡು ಶಾಫ್ಟುಗಳನ್ನು ಕೂದಲಷ್ಟೂ ತಪ್ಪದಂತೆ ಕೂಡಿಸಿದ ಕಪ್ಲಿಂಗು ಬಿಸಿಯಾದ ಮೇಲೆ ಓರೆ. ಬಲ್ಲವರು ಆ ಲೆಕ್ಕ ಹಿಡಿದು ತಣ್ಣಗಿದ್ದಾಗಲೇ ಬೇಕೆಂದು ತಗ್ಗಿಸಿ ಕೂಡಿಸುತ್ತಾರೆ. ಶುರುವಿನಲ್ಲಿ ಶಾಂತ, ಎರಡು ತಾಸಿಗೆ ಅದುರು ಎಂದರೆ ಮೊದಲು ಇದನ್ನು ನೋಡಬೇಕು.

ಬಾಲ್ ಬೇರಿಂಗಿನ ಭಾಷೆಗೆ ಪೂರ್ಣಾಂಕವಿಲ್ಲ. 1440 ಸುತ್ತಿನ ಮೋಟಾರು ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಒಂಬತ್ತು ಗುಂಡಿನ ಬೇರಿಂಗಿನ ಹೊರಬಳೆಯಲ್ಲಿ ಒಂದು ಕುಳಿ ಬಿದ್ದರೆ ಪ್ರತಿ ಸುತ್ತಿಗೆ ಸುಮಾರು 3.6 ಪೆಟ್ಟು, ಎಂದರೆ ಸೆಕೆಂಡಿಗೆ ಸುಮಾರು 86. ಒಳಬಳೆಯಲ್ಲಾದರೆ ಸುತ್ತಿಗೆ 5.4. ಶಾಫ್ಟಿನ ಸುತ್ತಿನ ಜೊತೆ ಎಂದೂ ಕೂಡದ ಈ ಪೆಟ್ಟೇ ಬೇರಿಂಗಿನ ಗುರುತು. ಸ್ಕ್ರೂ ಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ ಹಿಡಿಕೆಯನ್ನು ಕಿವಿಯ ಎಲುಬಿಗೆ ಇಟ್ಟ ಮಿಸ್ತ್ರಿಗೆ ಈ ದಶಮಾಂಶ ಗೊತ್ತಿರುವುದಿಲ್ಲ. ‘ಇದು ಸುತ್ತಿನ ಸಪ್ಪಳ ಅಲ್ಲರೀ, ಬ್ಯಾರೆ ಐತಿ’ ಎಂದು ಆತ ಹೇಳಿದರೆ ಹೇಳಬೇಕಾದದ್ದನ್ನು ಹೇಳಿದ ಹಾಗೆಯೇ.

ಈಗ ಮತ್ತೆ ಆ ‘ಒಂದು ಬಿಟ್ಟು ಒಂದು’ ಲೆಕ್ಕಕ್ಕೆ. ಮಗ್ಗದಲ್ಲಿ ಸುತ್ತಿನ ಅರ್ಧ ಲಯ ಇರಲೇಬೇಕು, ಅದು ಆರೋಗ್ಯ. ಎಣ್ಣೆಯ ಬುಷ್ ಬೇರಿಂಗಿನ ಮೇಲೆ ವೇಗವಾಗಿ ತಿರುಗುವ ಟರ್ಬೈನಿನಲ್ಲಿ ಸುಮಾರು ಅರ್ಧ ಲಯ ಕಂಡರೆ ಎದೆ ನಡುಗಬೇಕು. ಬೇರಿಂಗಿನ ಎಣ್ಣೆ ಶಾಫ್ಟಿಗೆ ಅಂಟಿದ ಕಡೆ ಶಾಫ್ಟಿನ ವೇಗದಲ್ಲಿ ಓಡುತ್ತದೆ, ಬುಷ್ ಕಡೆ ನಿಂತಿರುತ್ತದೆ, ಸರಾಸರಿ ಅರ್ಧ ವೇಗ. ಭಾರ ಕಡಿಮೆಯಾದ ಶಾಫ್ಟನ್ನು ಆ ಎಣ್ಣೆಯೇ ತನ್ನ ಜೊತೆ ಸುತ್ತು ಹಾಕಿಸುತ್ತದೆ. ಸೋರಿಕೆಯಿಂದ ತುಸು ಕಡಿಮೆಯಾಗಿ 0.42ರಿಂದ 0.48ರ ನಡುವೆ ಬರುತ್ತದೆ. ಎಷ್ಟು ಬ್ಯಾಲೆನ್ಸ್ ಮಾಡಿದರೂ ಇದು ಹೋಗುವುದಿಲ್ಲ, ಯಾಕೆಂದರೆ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಎಣ್ಣೆಯ ಬಿಸಿಯನ್ನು ನಾಲ್ಕಾರು ಡಿಗ್ರಿ ಬದಲಿಸಿದಾಗ ಅದುರು ಬದಲಾದರೆ ಅನುಮಾನ ಗಟ್ಟಿ.

ಇದನ್ನು ಕಂಡುಹಿಡಿದ ದಾರಿ ನನಗೆ ತುಂಬ ಇಷ್ಟ. 1920ರ ದಶಕದ ಶುರುವಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಊದುಕುಲುಮೆಯ ಕಂಪ್ರೆಸರುಗಳು ಸ್ವಂತ ವೇಗ ದಾಟಿದ ಮೇಲೆ ವಿಪರೀತ ಅದುರಿ ಒಡೆದವು. ನ್ಯೂಕರ್ಕ್ ಎಂಬ ಸಂಶೋಧಕ ಪರೀಕ್ಷೆಗೆ ಕೂತ. ಬ್ಯಾಲೆನ್ಸ್ ಸುಧಾರಿಸಿದರೂ ಅದುರು ಶುರುವಾಗುವ ವೇಗ ಬದಲಾಗಲಿಲ್ಲ. ಓಡುವ ವೇಗ ಏರಿಸಿದರೂ ಅದುರಿನ ಲಯ ಸ್ವಂತ ವೇಗಕ್ಕೇ ಅಂಟಿಕೊಂಡಿತ್ತು. ಬಿಗಿಯಾಗಿ ತೊಡಿಸಿದ ಚಕ್ರಗಳಿದ್ದ ಶಾಫ್ಟಿನಲ್ಲಷ್ಟೇ ಬರುತ್ತಿತ್ತು. ಬೇರಿಂಗುಗಳನ್ನು ತುಸು ಓರೆ ಮಾಡಿದರೆ ಅದುರು ತಗ್ಗುತ್ತಿತ್ತು! ಯಾವ ಫಿಟ್ಟರಿಗೂ ನಂಬಲಾಗದ ಮಾತು. ಚಕ್ರ ಮತ್ತು ಶಾಫ್ಟಿನ ನಡುವಿನ ಸೂಕ್ಷ್ಮ ತಿಕ್ಕಾಟವೇ ಅದುರನ್ನು ಸಾಕುತ್ತಿದೆ ಎಂಬ ನಿರ್ಣಯ 1924ರಲ್ಲಿ ಅಚ್ಚಾಯಿತು. ಮರುವರ್ಷ ಟೇಲರ್ ಎಂಬಾತನ ಜೊತೆಗೂಡಿ ಎಣ್ಣೆಯ ಪದರವೂ ಇಂಥದೇ ಕೆಲಸ ಮಾಡುತ್ತದೆಂದು ಆತನೇ ತೋರಿಸಿದ. ಯಂತ್ರ ‘ಇದಕ್ಕೆ ಬಗ್ಗುವುದಿಲ್ಲ’ ಎಂದು ಹೇಳಿದ ಪ್ರತಿಯೊಂದನ್ನೂ ಬರೆದಿಟ್ಟುಕೊಂಡಿದ್ದರಿಂದಲೇ ಉತ್ತರ ಸಿಕ್ಕಿತು.

ಆತನದೇ ಇನ್ನೊಂದು ಶೋಧ 1926ರದು, ಎಲ್ಲಕ್ಕಿಂತ ವಿಚಿತ್ರ. ಅದುರು ಸುತ್ತಿಗೆ ಒಂದೇ, ತೂಕ ತಪ್ಪಿದಂತೆಯೇ ಕಾಣುತ್ತದೆ. ಆದರೆ ತಾಸಿನಿಂದ ತಾಸಿಗೆ ಮೆಲ್ಲಗೆ ಏರುತ್ತದೆ, ಇಳಿಯುತ್ತದೆ. ಶಾಫ್ಟಿನ ಉಬ್ಬಿದ ಬದಿ ಸೀಲಿಗೆ ತಾಕುತ್ತಿರುತ್ತದೆ. ತಾಕಿದ ಬದಿ ಬಿಸಿಯಾಗಿ ಹಿಗ್ಗುತ್ತದೆ, ಇನ್ನಷ್ಟು ಬಾಗುತ್ತದೆ, ಹೆಚ್ಚು ತಾಕುತ್ತದೆ. ಆ ಬಿಸಿಯ ಚುಕ್ಕೆ ನಿಂತಲ್ಲಿ ನಿಲ್ಲದೆ ಶಾಫ್ಟಿನ ಸುತ್ತ ನಿಧಾನವಾಗಿ ಸರಿಯುತ್ತದೆ. ಮೀಟರಿನಲ್ಲಿ ಬರೀ ಪ್ರಮಾಣ ನೋಡುವವನಿಗೆ ಇದು ಎಂದೂ ಸಿಗುವುದಿಲ್ಲ. ಅದುರಿನ ದಿಕ್ಕು ಗಡಿಯಾರದ ಮುಳ್ಳಿನಂತೆ ತಿರುಗುತ್ತಿದೆಯೇ ಎಂದು ನೋಡಿದವನಿಗೆ ಮಾತ್ರ ಸಿಗುತ್ತದೆ. ಇಂಥ ಯಂತ್ರಕ್ಕೆ ಬೆಳಿಗ್ಗೆ ಕಟ್ಟಿದ ತೂಕ ಮಧ್ಯಾಹ್ನಕ್ಕೆ ತಪ್ಪು ಬದಿಗಿರುತ್ತದೆ. ಮೂರು ಸಲ ತೂಕ ಕಟ್ಟಿಯೂ ಯಂತ್ರ ಕೇಳಲಿಲ್ಲವೆಂದರೆ ನಾಲ್ಕನೆಯದನ್ನು ಕಟ್ಟಬಾರದು, ಕೂತು ಎರಡು ತಾಸು ನೋಡಬೇಕು.

ನೋಡುತ್ತ ಕೂರುವ ಪುರುಸೊತ್ತು ಎಲ್ಲಿದೆ ಎಂಬ ಮಾತು ಬರುತ್ತದೆ, ನ್ಯಾಯವಾದದ್ದೇ. ಹಂಗಾಮಿನಲ್ಲಿ ಕಾರ್ಖಾನೆಯ ಗೇಟಿನಿಂದ ರಸ್ತೆಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಕಡಿದ ಕಬ್ಬು ಬಿಸಿಲಿಗೆ ದಿನದಿನಕ್ಕೆ ತೂಕ ಕಳೆದುಕೊಳ್ಳುತ್ತದೆ, ಒಳಗಿನ ಸಕ್ಕರೆ ಒಡೆಯುತ್ತದೆ. ಮಿಲ್ ನಿಂತ ಒಂದೊಂದು ತಾಸೂ ಯಾರದೋ ಮನೆಯ ವರ್ಷದ ಗಳಿಕೆಗೆ ತಾಕುತ್ತದೆ. ಹಾಗೆಂದೇ ಸರಿಯಾದ ನಿರ್ಣಯ ಬೇಕು: ಬೂದಿಯ ಅದುರಿಗೆ ಯಂತ್ರ ನಿಲ್ಲಿಸದೆ ಶುಚಿ ಮಾಡುವ ದಿನದ ತನಕ ದೂಡಬಹುದು, ಬಿರುಕಿನ ಅದುರಿಗೆ ಒಂದು ಪಾಳಿಯನ್ನೂ ದೂಡಬಾರದು. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣುವಿದ್ಯುತ್ ಕೇಂದ್ರದಲ್ಲಿ ಟರ್ಬೈನಿನ ಎರಡು ರೆಕ್ಕೆ ಮುರಿದು, ತೂಕ ತಪ್ಪಿದ ಶಾಫ್ಟು ಅದುರಿ, ಜನರೇಟರಿನ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ರಷ್ಯಾದ ಸಯಾನೊ-ಶುಶೆನ್‌ಸ್ಕಯ ಜಲವಿದ್ಯುತ್ ಕೇಂದ್ರದಲ್ಲಿ 2009ರ ಆಗಸ್ಟ್ 17ರಂದು ಎರಡನೆಯ ಘಟಕದ ಮುಚ್ಚಳದ ಬೋಲ್ಟುಗಳು ದಣಿದು ಹರಿದು 75 ಮಂದಿ ಸತ್ತರು. ಹಿಂದಿನ ರಾತ್ರಿಯಿಂದ ಆ ಟರ್ಬೈನು ಓಡಿಸಬಾರದ ಹೊರೆಯ ವಲಯವನ್ನು ಮತ್ತೆ ಮತ್ತೆ ದಾಟಿತ್ತು. ಅದುರು ಇದ್ದದ್ದು ಎಲ್ಲರಿಗೂ ಗೊತ್ತಿತ್ತು, ರೂಢಿಯಾಗಿತ್ತು. 290 ಮೆಗಾವ್ಯಾಟಿನ ಆಲಮಟ್ಟಿ ಕೇಂದ್ರದ ಮಗ್ಗುಲಲ್ಲಿ ಬದುಕುವ ನಮಗೆ ಅದು ದೂರದ ಸುದ್ದಿ ಅನ್ನಿಸಬಾರದು.

ಪಂಪ್‌ಹೌಸಿನ ಗೋಡೆಗೆ ಒಂದು ವಹಿ ತೂಗುಹಾಕಿರಿ ಎಂದು ನಾನು ಕಂಡಕಂಡವರಿಗೆ ಹೇಳುತ್ತಿರುತ್ತೇನೆ. ದಿನಾಂಕ, ತಾಸು, ನೀರಿನ ಮಟ್ಟ, ಬೇರಿಂಗಿನ ಬಿಸಿ, ಪಕ್ಕದ ಪಂಪು ಓಡುತ್ತಿತ್ತೋ ಇಲ್ಲವೋ, ಇಷ್ಟು ಸಾಕು. ಆ ಕಡೆಯದನ್ನು ಬರೆಯಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಜೋಡಿ ಪಂಪುಗಳಲ್ಲಿ ಒಂದು ಓಡುತ್ತದೆ, ಇನ್ನೊಂದು ತಿಂಗಳುಗಟ್ಟಲೆ ಕಾಯುತ್ತ ನಿಂತಿರುತ್ತದೆ. ನಿಂತದ್ದನ್ನು ಒಂದು ದಿನ ಓಡಿಸಿದರೆ ಮೊದಲ ತಾಸಿನಲ್ಲೇ ಬೇರಿಂಗು ಗರಗರ. ಕೆಲಸವನ್ನೇ ಮಾಡದ ಬೇರಿಂಗು ಹೇಗೆ ಸವೆಯಿತು? ನೆರೆಯ ಪಂಪಿನ ಅದುರು ನೆಲದೊಳಗಿಂದ ಬಂದು, ನಿಂತ ಶಾಫ್ಟಿನ ಭಾರವೆಲ್ಲ ಹೊತ್ತ ಅದೇ ಗುಂಡುಗಳನ್ನು ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ಬಳೆಯ ಮೇಲೆ ಗುಂಡಿಗೊಂದರಂತೆ ಗುಳಿ ಕೊರೆದಿರುತ್ತದೆ. ಅದಕ್ಕೆ ಮದ್ದು ಬಹಳ ಅಗ್ಗದ್ದು. ಸ್ವಿಚ್ಚು ತೆಗೆದು, ಫ್ಯೂಸು ಕೈಯಲ್ಲಿಟ್ಟುಕೊಂಡು, ನಿಂತ ಪಂಪಿನ ಕಪ್ಲಿಂಗನ್ನು ವಾರಕ್ಕೊಮ್ಮೆ ಕೈಯಿಂದ ಒಂದೂಕಾಲು ಸುತ್ತು ತಿರುಗಿಸಬೇಕು. ಬರೀ ಒಂದು ಸುತ್ತಾದರೆ ಶಾಫ್ಟು ಮತ್ತೆ ಮೊದಲಿನ ಮಗ್ಗುಲಿಗೇ ಬಂದು ನಿಲ್ಲುತ್ತದೆ, ಆ ಮೇಲಿನ ಕಾಲು ಸುತ್ತನ್ನು ಮರೆಯಬಾರದು. ತಿರುಗಿಸಿದ ಮೇಲೆ ಸೀಮೆಸುಣ್ಣದಿಂದ ಕಪ್ಲಿಂಗಿನ ನೆತ್ತಿಗೆ ಒಂದು ಗೆರೆ ಎಳೆದಿಟ್ಟರೆ ಮುಂದಿನ ವಾರ ಬರುವವರಿಗೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯುತ್ತದೆ.